ಅಂಗಡಿಯಲ್ಲಿ ಕಟ್ಟಿದ ದೀಪದ ಹಣ: ಪಾವತಿಯ ಒಂದು ವಿಚಾರ

ಮನೆಗೆ ಬಂದ ವಿದ್ಯುತ್ತಿನ ಬಿಲ್ಲನ್ನು ಕೈಯಲ್ಲಿ ಹಿಡಿದು ಬೀದಿಯ ಕೊನೆಯ ದಿನಸಿ ಅಂಗಡಿಗೆ ಹೋಗಿ, ಅಕ್ಕಿ ಬೇಳೆಗಳ ಹಣದ ಜೊತೆಯಲ್ಲಿಯೇ ದೀಪದ ಹಣವನ್ನೂ ಕೊಟ್ಟು, ಒಂದು ಚೀಟಿಯನ್ನು ಪಡೆದು ಹಿಂದಿರುಗುವುದು ಈಗ ಕರ್ನಾಟಕದ ಪಟ್ಟಣಗಳಲ್ಲಿಯೂ ದೊಡ್ಡ ಹಳ್ಳಿಗಳಲ್ಲಿಯೂ ಕಾಣಬರುವ ಸಂಗತಿಯಾಗಿದೆ. ಇಷ್ಟು ಸಾಮಾನ್ಯವಾದ ವಿಷಯವನ್ನು ವಿದ್ವಜ್ಜನರ ಮುಂದೆ ವಿಚಾರಕ್ಕೆ ತರುವುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಸಮಾಧಾನವಿದು: ಸಾಲಗಾರನು ಸಾಲ ಕೊಟ್ಟವನ ಕೈಗೇ ಹಣವನ್ನು ಕೊಡುವಲ್ಲಿ ಇಬ್ಬರು ಮಾತ್ರ ಇರುತ್ತಾರೆ, ಅಂಗಡಿಯಲ್ಲಿ ಕೊಡುವಾಗಲಾದರೋ ಮೂರನೆಯವನೊಬ್ಬನು ನಡುವೆ ಬಂದು ನಿಲ್ಲುತ್ತಾನೆ. ಅವನು ಯಾರ ಪರವಾಗಿ ಆ ಹಣವನ್ನು ತೆಗೆದುಕೊಂಡನು, ಬಳಕೆದಾರನ ಋಣವು ಯಾವ ಕ್ಷಣದಲ್ಲಿ ತೀರಿತು, ಹಣವು ನಡುದಾರಿಯಲ್ಲಿ ನಿಂತರೆ ನಷ್ಟವು ಯಾರದು ಎಂಬ ಪ್ರಶ್ನೆಗಳು ಆಗ ಹುಟ್ಟುತ್ತವೆ. ಈ ಪ್ರಶ್ನೆಗಳಿಗೆ ಉತ್ತರವು ಸರಿಯಾಗಿ ತಿಳಿಯದಿದ್ದರೆ ಹಣವನ್ನು ಕೊಟ್ಟವನ ಮನೆಯಲ್ಲಿಯೇ ದೀಪವು ಆರಬಹುದು. ಆದಕಾರಣ ವಿಷಯವು ಸಣ್ಣದಾದರೂ ವಿಚಾರವು ಸಣ್ಣದಲ್ಲ.

ಇದರಲ್ಲಿ ಭಾಷೆಯ ಅಭ್ಯಾಸಿಗಳಿಗೆ ಸಂಬಂಧಿಸಿದ ಅಂಶವೂ ಒಂದುಂಟು. ಕೊಡುವುದಕ್ಕೂ ಮುಟ್ಟುವುದಕ್ಕೂ ಇರುವ ಅಂತರವನ್ನು ನಮ್ಮ ಮಾತುಗಳು ಬಹುಕಾಲದಿಂದಲೇ ಗುರುತಿಸಿಕೊಂಡಿವೆ. ಮೊದಲು ಆ ಮಾತುಗಳನ್ನು ನೋಡಿ, ಅನಂತರ ಸಂಗತಿಯ ಇತಿಹಾಸವನ್ನೂ ಕ್ರಮವನ್ನೂ ಕಾನೂನನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧. ಮಾತುಗಳ ವಿಚಾರ

ಜನರು ಆಡುವ ಮಾತಿನಲ್ಲಿ ಕರೆಂಟಿನ ಬಿಲ್ಲನ್ನು ‘ಕೊಡುವುದಿಲ್ಲ’, ‘ಕಟ್ಟುತ್ತಾರೆ’. ಕಂದಾಯವನ್ನು ಕಟ್ಟುವುದು, ಶಾಲೆಯ ಫೀಜನ್ನು ಕಟ್ಟುವುದು, ದಂಡವನ್ನು ಕಟ್ಟುವುದು ಎಂಬ ಪ್ರಯೋಗಗಳೂ ಇದೇ ಜಾತಿಯವು. ನೆರೆಯವನಿಗೆ ಕೈಗಡವನ್ನು ಹಿಂದಕ್ಕೆ ಕೊಡುವಾಗ ಯಾರೂ ‘ಕಟ್ಟಿದೆನು’ ಎನ್ನುವುದಿಲ್ಲ. ಗೊತ್ತಾದ ಗಡುವಿನಲ್ಲಿ, ಗೊತ್ತಾದ ಮೊತ್ತವನ್ನು, ಒಂದು ಅಧಿಕಾರಸ್ಥಾನಕ್ಕೋ ಸಂಸ್ಥೆಗೋ ಒಪ್ಪಿಸುವಲ್ಲಿ ಮಾತ್ರ ಆ ಕ್ರಿಯಾಪದವು ಸಹಜವಾಗಿ ಬರುತ್ತದೆ. ಆದರೆ ‘ಕಟ್ಟು’ ಎಂಬುದು ಕೊಡುವವನ ಕಡೆಯ ಮಾತು. ಅವನ ಕೆಲಸವು ಮುಗಿಯಿತೆಂಬುದನ್ನು ಅದು ಹೇಳುತ್ತದೆಯೇ ಹೊರತು, ಹಣವು ಸೇರಬೇಕಾದಲ್ಲಿಗೆ ಸೇರಿತೆಂಬುದನ್ನು ಹೇಳುವುದಿಲ್ಲ.

ಪಡೆಯುವವನ ಕಡೆಯಿಂದ ನೋಡುವುದಕ್ಕೆ ಕನ್ನಡದಲ್ಲಿ ‘ಸಲ್’ ಎಂಬ ಧಾತುವುಂಟು. ಸೇರು, ಪ್ರವೇಶಿಸು, ಚಲಾವಣೆಯಾಗು, ಯೋಗ್ಯವಾಗು ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಗಿವೆ. ‘ಈ ನಾಣ್ಯವು ಸಲ್ಲದು’ ಎನ್ನುವಾಗಲೂ ‘ಹಣವು ಸಂದಿತು’ ಎನ್ನುವಾಗಲೂ ಧಾತುವು ಒಂದೇ. ಸಂದಿತು ಎಂದರೆ ಬರಿದೇ ಕೈಬಿಟ್ಟಿತೆಂದಲ್ಲ. ಸೇರತಕ್ಕಲ್ಲಿಗೆ ಸೇರಿ ಅಲ್ಲಿ ಅಂಗೀಕೃತವಾಯಿತೆಂದು ಅರ್ಥ. ಹಾಗಾದರೆ ‘ಕಟ್ಟಿದೆನು’ ಎಂಬುದಕ್ಕೂ ‘ಸಂದಿತು’ ಎಂಬುದಕ್ಕೂ ನಡುವೆ ಒಂದು ಅವಕಾಶವಿರುವುದೆಂದಾಯಿತು. ಅಂಗಡಿಯ ಪಾವತಿಯ ತೊಡಕೆಲ್ಲವೂ ಇರುವುದು ಆ ಅವಕಾಶದಲ್ಲಿಯೇ.

ಬೇರೆ ಭಾಷೆಗಳಿಂದ ಬಂದು ನಮ್ಮಲ್ಲಿ ನೆಲೆನಿಂತ ಎರಡು ಮಾತುಗಳು ಇದೇ ಅರ್ಥವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತವೆ. ‘ರಸೀದಿ’ ಎಂಬುದು ಪಾರಸಿಯಿಂದ ಬಂದುದು. ಮುಟ್ಟು, ತಲುಪು ಎಂಬ ಅರ್ಥದ ಕ್ರಿಯಾಪದದ ಭೂತರೂಪವದು. ಎಂದರೆ ‘ತಲುಪಿತು’ ಎಂಬ ಕ್ರಿಯೆಯೇ ಆ ಕಾಗದದ ಹೆಸರಾಗಿದೆ. ‘ಪಾವತಿ’ ಎಂಬುದು ಮರಾಠಿಯಿಂದ ಬಂದುದು. ಅದರ ಮೂಲದಲ್ಲಿಯೂ ತಲುಪು, ದೊರೆ ಎಂಬ ಅರ್ಥವೇ ಇದೆ. ಮರಾಠಿಯಲ್ಲಿ ‘ಪಾವತೀ’ ಎಂದರೆ ಇಂದಿಗೂ ರಸೀದಿಯೆಂದೇ ಅರ್ಥ. ಕನ್ನಡಕ್ಕೆ ಬಂದಮೇಲೆ ಅದು ಹಣವನ್ನು ಸಲ್ಲಿಸುವ ಕ್ರಿಯೆಯ ಹೆಸರಾಯಿತು. ನೆರೆಯ ಭಾಷೆಯಲ್ಲಿ ಸಾಕ್ಷಿಪತ್ರವಾಗಿದ್ದ ಮಾತು ನಮ್ಮಲ್ಲಿ ಕ್ರಿಯೆಯೇ ಆದುದು ಗಮನಿಸತಕ್ಕ ವಿಷಯ. ಸಾಕ್ಷಿಯಿಲ್ಲದ ಕೊಡುವಿಕೆಯು ಪಾವತಿಯಾಗದು ಎಂಬ ವ್ಯವಹಾರಜ್ಞಾನವು ಈ ಅರ್ಥಾಂತರಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಾಕಿ, ಜಮಾ, ವಾಯಿದೆ, ಗುಮಾಸ್ತ ಮೊದಲಾದ ಅರಬ್ಬಿ ಪಾರಸಿ ಶಬ್ದಗಳು ಆಡಳಿತದ ಮೂಲಕ ಬಂದು ಅಂಗಡಿಯ ಲೆಕ್ಕದ ಪುಸ್ತಕದಲ್ಲಿಯೂ ಸೇರಿದಂತೆ, ಇವೆರಡೂ ಸೇರಿ ಮನೆಮಾತಾಗಿವೆ.

೨. ಕಚೇರಿಯ ಕಿಟಕಿಯಿಂದ ಅಂಗಡಿಯ ಕಟ್ಟೆಗೆ

ಕರ್ನಾಟಕದಲ್ಲಿ ವಿದ್ಯುತ್ತಿನ ಇತಿಹಾಸವು ಮನೆಯ ದೀಪದಿಂದ ಆರಂಭವಾದುದಲ್ಲ. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದದ್ದು ಮೊದಮೊದಲಿನ ಹೆಜ್ಜೆಗಳಲ್ಲಿ ಒಂದು. ಆಗ ವಿದ್ಯುತ್ತನ್ನು ಕೊಂಡವರು ಗಣಿಯ ಕಂಪನಿಗಳು; ಹಣದ ವ್ಯವಹಾರವು ದೊಡ್ಡ ಸಂಸ್ಥೆಗಳ ನಡುವಣ ಕರಾರಿನ ವಿಷಯವಾಗಿದ್ದಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಕ್ರಮೇಣ ಮನೆಗಳಿಗೂ ತಂತಿಯು ಬಂದು, ಮನೆಮನೆಗೂ ಮೀಟರು ಬಂದು, ಒಂದೊಂದು ಮನೆಯೂ ಸಣ್ಣ ಮೊತ್ತದ ಸಾಲಗಾರನಾಯಿತು. ಸಾಲಗಾರನೆಂಬ ಮಾತನ್ನು ಇಲ್ಲಿ ಬೇಕೆಂದೇ ಹೇಳಿದೆ. ಮೊದಲು ಉರಿಸಿ ಆಮೇಲೆ ಹಣವನ್ನು ಕೊಡುವುದು ಈ ವ್ಯವಹಾರದ ಕ್ರಮವಾದುದರಿಂದ, ಬಿಲ್ಲು ಎಂಬುದು ತಿಂಗಳ ಸಾಲದ ಲೆಕ್ಕವೇ ಆಗಿದೆ.

ಈ ಸಾಲವನ್ನು ತೀರಿಸುವ ಸ್ಥಳವು ಬಹುಕಾಲ ಒಂದೇ ಆಗಿದ್ದಿತು: ವಿದ್ಯುಚ್ಛಕ್ತಿ ಇಲಾಖೆಯ ಅಥವಾ ಮಂಡಲಿಯ ಉಪವಿಭಾಗದ ಕಚೇರಿಯ ಕಿಟಕಿ. ಕಿಟಕಿಯು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಸಾಲಿನ ಉದ್ದ, ಚಿಲ್ಲರೆಯ ಅಭಾವ, ಇವು ಹಳಬರ ನೆನಪಿನಲ್ಲಿ ಇನ್ನೂ ಇವೆ. ಆ ಕಷ್ಟದಲ್ಲಿ ಒಂದು ಗುಣವೂ ಇದ್ದಿತು. ಕಿಟಕಿಯ ಆಚೆ ಕುಳಿತವನು ಸಾಲ ಕೊಟ್ಟ ಸಂಸ್ಥೆಯ ನೌಕರನೇ ಆದುದರಿಂದ, ಕಟ್ಟುವುದೂ ಸಲ್ಲುವುದೂ ಅಲ್ಲಿ ಒಂದೇ ಕ್ಷಣದಲ್ಲಿ ನಡೆಯುತ್ತಿದ್ದವು. ಗುಮಾಸ್ತನ ಕೈಗೆ ಹಣ ಬಂದರೆ ಸಂಸ್ಥೆಗೆ ಬಂದಂತೆಯೇ. ಆಮೇಲೆ ಅವನು ಏನು ಮಾಡಿದರೂ ಅದು ಸಂಸ್ಥೆಯ ತಲೆನೋವು.

ಈ ಏಕಸ್ಥಾನವು ಸಡಿಲವಾದುದು ಹಂತಹಂತವಾಗಿ. ಕೇರಳದಲ್ಲಿ ೨೦೦೦ದಲ್ಲಿ, ಆಗಿನ ಆಂಧ್ರಪ್ರದೇಶದಲ್ಲಿ ೨೦೦೧ರಲ್ಲಿ, ನಾನಾ ಇಲಾಖೆಗಳ ಬಿಲ್ಲುಗಳನ್ನು ಒಂದೇ ಕಡೆ ಕಟ್ಟಿಸಿಕೊಳ್ಳುವ ಸೇವಾಕೇಂದ್ರಗಳು ಹುಟ್ಟಿದವು. ಬೆಂಗಳೂರಿನಲ್ಲಿ ೨೦೦೫ರಲ್ಲಿ ‘ಬೆಂಗಳೂರು ಒನ್’ ಕೇಂದ್ರಗಳು ಆರಂಭವಾಗಿ, ವಿದ್ಯುತ್ತು, ನೀರು, ದೂರವಾಣಿಗಳ ಹಣವನ್ನು ಒಂದೇ ಸೂರಿನ ಕೆಳಗೆ ಸಲ್ಲಿಸುವ ಅನುಕೂಲವುಂಟಾಯಿತು. ಅಷ್ಟರಲ್ಲಿ, ೨೦೦೨ರಲ್ಲಿ, ರಾಜ್ಯದ ವಿದ್ಯುತ್ ವಿತರಣೆಯ ಕಾರ್ಯವನ್ನು ಪ್ರಾದೇಶಿಕ ಕಂಪನಿಗಳಿಗೆ ವಹಿಸಿಯಾಗಿದ್ದಿತು. ಆದರೂ ಈ ಕೇಂದ್ರಗಳು ಸರಕಾರದ ಮುದ್ರೆಯನ್ನು ಹೊತ್ತವು; ಜನರ ದೃಷ್ಟಿಯಲ್ಲಿ ಅವೂ ಕಚೇರಿಗಳೇ.

ನಿಜವಾದ ಬದಲಾವಣೆಯು ಅನಂತರ ಬಂದಿತು. ಭಾರತೀಯ ರಿಸರ್ವ್ ಬ್ಯಾಂಕು ೨೦೧೪ರ ನವೆಂಬರಿನಲ್ಲಿ ‘ಭಾರತ್ ಬಿಲ್ ಪೇಮೆಂಟ್ ಸಿಸ್ಟಂ’ ಎಂಬ ವ್ಯವಸ್ಥೆಯ ನಿಯಮಗಳನ್ನು ಪ್ರಕಟಿಸಿತು. ೨೦೧೬ರಲ್ಲಿ ಅದರ ಪ್ರಯೋಗವು ನಡೆದು, ೨೦೧೭ರಲ್ಲಿ ಅದು ಪೂರ್ಣವಾಗಿ ಕಾರ್ಯರೂಪಕ್ಕೆ ಬಂದಿತು. ೨೦೨೪ರಲ್ಲಿ ಇದಕ್ಕೆ ‘ಭಾರತ್ ಕನೆಕ್ಟ್’ ಎಂಬ ಹೊಸ ಹೆಸರು ಬಂದಿದೆ. ಯಾವ ಊರಿನ ಯಾವ ಬಿಲ್ಲನ್ನೇ ಆಗಲಿ ವ್ಯವಸ್ಥೆಗೆ ಸೇರಿದ ಯಾವ ಸ್ಥಳದಲ್ಲಿಯೇ ಆಗಲಿ ಕಟ್ಟಬಹುದಾಗಿರಬೇಕೆಂಬುದು ಇದರ ತತ್ತ್ವ. ಹೀಗೆ, ಉಪ್ಪು ಸಕ್ಕರೆ ಮಾರುವ ಕಟ್ಟೆಯು ವಿದ್ಯುತ್ ಕಚೇರಿಯ ಕಿಟಕಿಯ ಕೆಲಸವನ್ನೂ ಮಾಡಲಾರಂಭಿಸಿತು.

೩. ಅಂಗಡಿಯಲ್ಲಿ ನಡೆಯುವುದೇನು

ಹೊರಗಿನಿಂದ ನೋಡಿದರೆ ನಡೆಯುವ ಕಾರ್ಯವು ಒಂದೆರಡು ನಿಮಿಷದ್ದು. ಬಳಕೆದಾರನು ಬಿಲ್ಲಿನಲ್ಲಿರುವ ಖಾತೆಯ ಸಂಖ್ಯೆಯನ್ನು ತೋರಿಸುತ್ತಾನೆ. ಅಂಗಡಿಯವನು ಅದನ್ನು ತನ್ನ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ನಮೂದಿಸುತ್ತಾನೆ. ಪರದೆಯ ಮೇಲೆ ಹೆಸರೂ ಮೊತ್ತವೂ ಕಾಣಿಸಿಕೊಳ್ಳುತ್ತವೆ. ಹಣವನ್ನು ಎಣಿಸಿಕೊಂಡು, ಗಲ್ಲಾಪೆಟ್ಟಿಗೆಗೆ ಹಾಕಿ, ಅವನು ಒಂದು ಗುಂಡಿಯನ್ನು ಒತ್ತುತ್ತಾನೆ. ಚೀಟಿಯು ಹೊರಬರುತ್ತದೆ.

ಒಳಗೆ ನಡೆಯುವುದು ಇದಕ್ಕಿಂತ ದೀರ್ಘವಾದುದು. ಖಾತೆಯ ಸಂಖ್ಯೆಯು ಮೊದಲು ಅಂಗಡಿಯವನನ್ನು ನೇಮಿಸಿಕೊಂಡ ಸಂಸ್ಥೆಗೆ ಹೋಗುತ್ತದೆ. ಅಲ್ಲಿಂದ ವ್ಯವಸ್ಥೆಯ ಕೇಂದ್ರಘಟಕಕ್ಕೆ. ಅಲ್ಲಿಂದ ವಿದ್ಯುತ್ ಕಂಪನಿಯ ಪರವಾಗಿ ಕೆಲಸ ಮಾಡುವ ಮತ್ತೊಂದು ಸಂಸ್ಥೆಗೆ. ಕೊನೆಗೆ ಕಂಪನಿಯ ಲೆಕ್ಕದ ಕಡತಕ್ಕೆ. ಬಾಕಿಯ ಮೊತ್ತವು ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತದೆ. ಅಂಗಡಿಯವನು ಒಪ್ಪಿಗೆಯ ಗುಂಡಿಯನ್ನು ಒತ್ತಿದಾಗ ಇನ್ನೊಮ್ಮೆ ಇದೇ ಯಾತ್ರೆಯು ನಡೆದು, ವ್ಯವಹಾರಕ್ಕೆ ಒಂದು ಗುರುತಿನ ಸಂಖ್ಯೆಯು ದೊರಕುತ್ತದೆ. ಹಣವು ಮಾತ್ರ ಇಷ್ಟು ಬೇಗ ಚಲಿಸುವುದಿಲ್ಲ. ಸಂಸ್ಥೆ ಸಂಸ್ಥೆಗಳ ನಡುವಣ ಕೊಡುಕೊಳ್ಳುವಿಕೆಯನ್ನು ಒಟ್ಟುಗೂಡಿಸಿ, ಕಳೆದು, ಉಳಿದುದನ್ನು ಬ್ಯಾಂಕುಗಳ ಮೂಲಕ ತೀರಿಸಿಕೊಳ್ಳುತ್ತಾರೆ. ವರ್ತಮಾನವು ಮುಂದೆ ಹೋಗುತ್ತದೆ; ಹಣವು ಹಿಂದಿನಿಂದ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮದಲ್ಲಿ, ಅಂಗಡಿಯವನು ತನ್ನನ್ನು ನೇಮಿಸಿಕೊಂಡ ಸಂಸ್ಥೆಯಲ್ಲಿ ಬಹುಮಟ್ಟಿಗೆ ಮುಂಚೆಯೇ ಒಂದು ಮೊತ್ತವನ್ನು ಇಟ್ಟಿರುತ್ತಾನೆ. ಅವನು ಗುಂಡಿಯನ್ನು ಒತ್ತಿದಾಗ ಆ ಇಡುಗಂಟಿನಿಂದ ಬಿಲ್ಲಿನ ಮೊತ್ತವು ಕಳೆಯುತ್ತದೆ. ಎಂದರೆ, ವಿದ್ಯುತ್ ಕಂಪನಿಯ ಕಡೆಗೆ ಹೋಗುವುದು ಗಲ್ಲಾಪೆಟ್ಟಿಗೆಗೆ ಬಿದ್ದ ನೋಟುಗಳಲ್ಲ. ಅಂಗಡಿಯವನು ಹಿಂದೆಯೇ ಕೊಟ್ಟಿದ್ದ ಹಣ. ಬಳಕೆದಾರನ ನೋಟುಗಳು ಅವನ ಇಡುಗಂಟನ್ನು ಮತ್ತೆ ತುಂಬಿಸುವುದಕ್ಕೆ ಅವನಲ್ಲಿಯೇ ಉಳಿಯುತ್ತವೆ. ಹೀಗಿರುವಲ್ಲಿ ಅಂಗಡಿಯವನು ಒಂದು ಗಳಿಗೆಯ ಮಟ್ಟಿಗೆ ಬಳಕೆದಾರನ ಬದಲಾಗಿ ಹಣ ತೆರುವವನಾಗುತ್ತಾನೆ. ಇದಕ್ಕಾಗಿ ಅವನಿಗೆ ದೊರಕುವುದು ಅಲ್ಪವಾದ ದಳ್ಳಾಳಿ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ಬಿಲ್ಲು ಕಟ್ಟಲು ಬಂದವರು ಸಾಬೂನನ್ನೋ ಕಡಲೆಬೇಳೆಯನ್ನೋ ಕೊಂಡುಹೋಗುವುದು.

ಈ ಕ್ರಮದಲ್ಲಿ ಅಪಾಯವೆಲ್ಲಿದೆಯೆಂಬುದು ಈಗ ತಿಳಿಯುತ್ತದೆ. ಗುಂಡಿಯನ್ನು ಒತ್ತಿದಮೇಲೆ ಅಪಾಯವು ಕಡಿಮೆ. ಒತ್ತುವುದಕ್ಕೆ ಮುಂಚೆ ಹೆಚ್ಚು. ‘ಈಗ ನೆಟ್‌ವರ್ಕ್ ಇಲ್ಲ, ಹಣ ಕೊಟ್ಟು ಹೋಗಿ, ಸಂಜೆ ಕಟ್ಟಿಬಿಡುತ್ತೇನೆ’ ಎಂದು ಅಂಗಡಿಯವನು ಹೇಳುವುದೂ, ಪರಿಚಯದ ದಾಕ್ಷಿಣ್ಯದಿಂದ ಬಳಕೆದಾರನು ಹಾಗೆಯೇ ಕೊಟ್ಟು ಬರುವುದೂ ಉಂಟು. ಅಂಥಲ್ಲಿ ಅವನು ಕೊಟ್ಟುದು ಹಣ, ಪಡೆದುದು ಮಾತು. ಅಂಗಡಿಯವನು ಪ್ರಾಮಾಣಿಕನಾಗಿದ್ದರೂ ಮರೆವು ಪ್ರಾಮಾಣಿಕತೆಯನ್ನು ನೋಡಿ ಬರುವುದಿಲ್ಲ.

೪. ಋಣವು ತೀರುವುದೆಂದು

ಇನ್ನು ಕಾನೂನಿನ ವಿಚಾರ. ೧೮೭೨ರ ಭಾರತೀಯ ಕರಾರು ಅಧಿನಿಯಮದ ೫೦ನೆಯ ಪ್ರಕರಣವು ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ಒಪ್ಪಿಕೊಂಡ ಕಾರ್ಯವನ್ನು, ಅದನ್ನು ಪಡೆಯತಕ್ಕವನು ಯಾವ ರೀತಿಯನ್ನು ಅಥವಾ ಯಾವ ಕಾಲವನ್ನು ವಿಧಿಸುವನೋ ಅಥವಾ ಅನುಮತಿಸುವನೋ, ಆ ರೀತಿಯಲ್ಲಿ, ಆ ಕಾಲದಲ್ಲಿ ನೆರವೇರಿಸಬಹುದು ಎಂಬುದು ಅದರ ತಾತ್ಪರ್ಯ. ಆ ಪ್ರಕರಣಕ್ಕೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ಹೀಗಿದೆ: ತನಗೆ ನೂರು ರೂಪಾಯಿ ಕೊಡಬೇಕಾದವನಿಗೆ ಒಬ್ಬನು, ನೂರು ರೂಪಾಯಿಯ ನೋಟನ್ನು ಅಂಚೆಯಲ್ಲಿ ಕಳುಹಿಸೆಂದು ಹೇಳುತ್ತಾನೆ, ಸಾಲಗಾರನು ಸರಿಯಾದ ವಿಳಾಸವನ್ನು ಬರೆದು ನೋಟಿರುವ ಕಾಗದವನ್ನು ಅಂಚೆಗೆ ಹಾಕಿದೊಡನೆಯೇ ಸಾಲವು ತೀರಿಹೋಗುತ್ತದೆ. ಕಾಗದವು ತಲುಪಲಿ ತಲುಪದಿರಲಿ, ದಾರಿಯನ್ನು ಗೊತ್ತುಮಾಡಿದವನು ಸಾಲ ಕೊಟ್ಟವನಾದುದರಿಂದ ದಾರಿಯ ಅಪಾಯವೂ ಅವನದೇ.

ಈ ದೃಷ್ಟಾಂತದ ಅಂಚೆಪೆಟ್ಟಿಗೆಯ ಸ್ಥಾನದಲ್ಲಿ ಅಂಗಡಿಯನ್ನು ಇಟ್ಟು ನೋಡಿರಿ. ವಿದ್ಯುತ್ ಕಂಪನಿಯು ತಾನಾಗಿಯೇ ಪಾವತಿಯ ವ್ಯವಸ್ಥೆಯೊಂದಕ್ಕೆ ಸೇರಿ, ಅದರ ಮೂಲಕ ಹಣವನ್ನು ಸಲ್ಲಿಸಬಹುದೆಂದು ಬಳಕೆದಾರರಿಗೆ ತಿಳಿಸಿದ್ದರೆ, ಅದು ಆ ರೀತಿಯನ್ನು ಅನುಮತಿಸಿದಂತೆಯೇ ಸರಿ. ಆ ವ್ಯವಸ್ಥೆಗೆ ಕ್ರಮವಾಗಿ ಸೇರಿದ ಅಂಗಡಿಯಲ್ಲಿ ಹಣವನ್ನು ಕೊಟ್ಟು, ವ್ಯವಸ್ಥೆಯ ಗುರುತಿನ ಸಂಖ್ಯೆಯಿರುವ ರಸೀದಿಯನ್ನು ಪಡೆದ ಬಳಕೆದಾರನ ಋಣವು ಅಲ್ಲಿಯೇ, ಆಗಲೇ ತೀರಿತೆಂದು ಹೇಳುವುದು ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣದ ಆಶಯಕ್ಕೆ ಒಪ್ಪತಕ್ಕದ್ದು. ಅಂಗಡಿಯವನು ನೇರವಾಗಿ ಕಂಪನಿಯ ನಿಯೋಗಿಯಲ್ಲ, ನಡುವಣ ಸಂಸ್ಥೆಯ ನಿಯೋಗಿ ಎಂಬ ಆಕ್ಷೇಪಕ್ಕೆ ಇಲ್ಲಿ ಹೆಚ್ಚು ಬಲವಿಲ್ಲ. ಅಂಚೆಯವನಾದರೂ ಸಾಲ ಕೊಟ್ಟವನ ನೌಕರನಲ್ಲವಷ್ಟೆ.

ಆದರೆ ಇದೇ ಬೀದಿಯಲ್ಲಿ ಇನ್ನೊಂದು ಬಗೆಯ ಅಂಗಡಿಯೂ ಇರುತ್ತದೆ. ಅದರ ಯಜಮಾನನು ಯಾವ ವ್ಯವಸ್ಥೆಯ ನಿಯೋಗಿಯೂ ಅಲ್ಲ. ನೆರೆಯವರ ಬಿಲ್ಲುಗಳನ್ನು ತನ್ನ ಸ್ವಂತ ಬ್ಯಾಂಕ್ ಖಾತೆಯಿಂದ ತನ್ನ ಸ್ವಂತ ಫೋನಿನಲ್ಲಿ ಕಟ್ಟಿಕೊಟ್ಟು, ಅವರಿಂದ ರೊಕ್ಕವನ್ನು ಪಡೆಯುತ್ತಾನೆ. ಇದು ಉಪಕಾರವೇ, ಅನೇಕ ವೃದ್ಧರಿಗೆ ಇದೇ ಆಧಾರವೂ ಹೌದು. ಆದರೆ ಇಲ್ಲಿ ಅವನು ಬಳಕೆದಾರನು ಕಳುಹಿಸಿದ ಆಳಿನ ಸ್ಥಾನದಲ್ಲಿದ್ದಾನೆಯೇ ಹೊರತು ಕಂಪನಿಯು ಗೊತ್ತುಮಾಡಿದ ಅಂಚೆಪೆಟ್ಟಿಗೆಯ ಸ್ಥಾನದಲ್ಲಿಲ್ಲ. ಅದೇ ಅಧಿನಿಯಮದ ೧೮೨ನೆಯ ಪ್ರಕರಣವು ನಿಯೋಗಿಯೆಂದರೆ ಮತ್ತೊಬ್ಬನಿಗಾಗಿ ಕಾರ್ಯಮಾಡಲು, ಅಥವಾ ಮೂರನೆಯವರೊಡನೆ ವ್ಯವಹರಿಸುವಲ್ಲಿ ಅವನನ್ನು ಪ್ರತಿನಿಧಿಸಲು, ನಿಯುಕ್ತನಾದವನೆಂದು ಹೇಳುತ್ತದೆ. ಇವನನ್ನು ನಿಯೋಜಿಸಿದವನು ಬಳಕೆದಾರನೇ. ಆದುದರಿಂದ ಇವನು ಮರೆತರೆ ಬಳಕೆದಾರನೇ ಮರೆತಂತೆ. ಇವನ ಕೈಯಲ್ಲಿ ಹಣವು ನಿಂತರೆ ಬಾಕಿಯು ಬಳಕೆದಾರನ ಹೆಸರಿನಲ್ಲಿಯೇ ನಿಲ್ಲುತ್ತದೆ. ಇವನ ಮೇಲೆ ಅವನಿಗೆ ವ್ಯಾಜ್ಯದ ಹಕ್ಕುಂಟು. ಕಂಪನಿಯ ಮುಂದೆ ಉತ್ತರವಿಲ್ಲ.

ಎರಡು ಅಂಗಡಿಗಳ ಕಟ್ಟೆಯೂ ಒಂದೇ ಎತ್ತರದ್ದು. ಎರಡರಲ್ಲಿಯೂ ಕೊಡುವ ನೋಟು ಒಂದೇ. ‘ಕಟ್ಟಿದೆನು’ ಎಂಬ ಮಾತೂ ಎರಡಕ್ಕೂ ಒಪ್ಪುತ್ತದೆ. ಒಂದರಲ್ಲಿ ಹಣವು ಸಲ್ಲುತ್ತದೆ, ಇನ್ನೊಂದರಲ್ಲಿ ಇನ್ನೂ ದಾರಿಯಲ್ಲಿರುತ್ತದೆ. ಈ ಭೇದವನ್ನು ಹೊರಗಿನಿಂದ ತೋರಿಸಿಕೊಡುವ ವಸ್ತುವು ರಸೀದಿಯೊಂದೇ.

೫. ಅನ್ಯದೇಶಗಳ ಎರಡು ಉದಾಹರಣೆಗಳು

ಅಂಗಡಿಯಲ್ಲಿ ಮನೆಯ ಬಿಲ್ಲುಗಳನ್ನು ಕಟ್ಟುವ ಪದ್ಧತಿಯು ಬಹಳ ವ್ಯಾಪಕವಾಗಿ ಬೆಳೆದ ದೇಶಗಳಲ್ಲಿ ಜಪಾನು ಒಂದು. ಅಲ್ಲಿ ಹಗಲಿರುಳೂ ತೆರೆದಿರುವ ಸಣ್ಣ ಅಂಗಡಿಗಳ ಸರಣಿಗಳಿವೆ. ಅವುಗಳಲ್ಲಿ ಪ್ರಸಿದ್ಧವಾದ ಸೆವೆನ್ ಇಲೆವೆನ್ ಸಂಸ್ಥೆಯು ೧೯೭೪ರಲ್ಲಿ ಟೋಕಿಯೋ ನಗರದಲ್ಲಿ ತನ್ನ ಮೊದಲನೆಯ ಜಪಾನೀ ಅಂಗಡಿಯನ್ನು ತೆರೆಯಿತು; ೧೯೮೭ರಲ್ಲಿ ಟೋಕಿಯೋ ವಿದ್ಯುತ್ ಕಂಪನಿಯ ಬಿಲ್ಲುಗಳ ಹಣವನ್ನು ತನ್ನ ಅಂಗಡಿಗಳಲ್ಲಿ ಸ್ವೀಕರಿಸತೊಡಗಿತು. ಬ್ಯಾಂಕುಗಳು ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಮುಚ್ಚುತ್ತಿದ್ದ ದೇಶದಲ್ಲಿ ಇದು ದುಡಿಯುವ ಜನರಿಗೆ ದೊಡ್ಡ ಅನುಕೂಲವಾಯಿತು. ಅಲ್ಲಿಯ ಬಿಲ್ಲಿನ ಕಾಗದದಲ್ಲಿಯೇ ಪಟ್ಟೆಗಳ ಸಂಕೇತವು ಮುದ್ರಿತವಾಗಿರುತ್ತದೆ. ಯಂತ್ರವು ಅದನ್ನು ಓದುತ್ತದೆ. ಗ್ರಾಹಕನು ಹಣವನ್ನು ಕೊಡುತ್ತಾನೆ. ಅಂಗಡಿಯವನು ದಿನಾಂಕವಿರುವ ಮುದ್ರೆಯನ್ನು ಒತ್ತಿ, ಗ್ರಾಹಕನ ಭಾಗವನ್ನು ಹರಿದು ಕೈಗೆ ಕೊಡುತ್ತಾನೆ. ಒಂದು ಕಾಗದಕ್ಕೆ ಮೂರು ಲಕ್ಷ ಯೆನ್ನಿನ ಮಿತಿಯುಂಟು. ಮೊತ್ತವು ಐವತ್ತು ಸಾವಿರ ಯೆನ್ನನ್ನು ಮುಟ್ಟಿದರೆ ರಸೀದಿಗೆ ಸರಕಾರದ ಸ್ಟಾಂಪನ್ನೂ ಅಂಟಿಸಬೇಕೆಂಬುದು ೨೦೧೪ರಿಂದ ಬಂದಿರುವ ನಿಯಮ.

ಈ ಉದಾಹರಣೆಯಲ್ಲಿ ಮುಖ್ಯವಾದುದು ಯಂತ್ರವಲ್ಲ, ತತ್ತ್ವ. ಅಲ್ಲಿ ಅಂಗಡಿಯು ಹಣವನ್ನು ತೆಗೆದುಕೊಳ್ಳುವುದು ಸಾಲ ಕೊಟ್ಟ ಕಂಪನಿಯ ಪರವಾಗಿ ಎಂಬುದೇ ಆ ಪದ್ಧತಿಯ ಆಧಾರ. ಮುದ್ರೆ ಬಿದ್ದ ಕ್ಷಣದಲ್ಲಿ ಗ್ರಾಹಕನು ಋಣಮುಕ್ತನು. ಅಂಗಡಿಯ ಮುದ್ರೆಯು ಕಚೇರಿಯ ಮುದ್ರೆಗೆ ಸಮನಾದುದರಿಂದಲೇ ಜನರು ಕಚೇರಿಯನ್ನು ಮರೆತು ಅಂಗಡಿಗೆ ಹೋದರು.

ಇಂಗ್ಲೆಂಡಿನ ಉದಾಹರಣೆಯು ಬೇರೆ ಬಗೆಯದು. ಅಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ಪೇಪಾಯಿಂಟ್ ಎಂಬ ಸಂಸ್ಥೆಯ ಮೂಲಕ ಬೀದಿಯ ಮೂಲೆಯ ಅಂಗಡಿಗಳು ಬಿಲ್ಲಿನ ಹಣವನ್ನು ಸ್ವೀಕರಿಸುತ್ತವೆ. ಅದರ ಜೊತೆಗೆ, ಮುಂಗಡ ಹಣದ ಮೀಟರುಗಳಿರುವ ಮನೆಯವರು ಅಂಗಡಿಯಲ್ಲಿ ಹಣವನ್ನು ಕೊಟ್ಟು ತಮ್ಮ ಮೀಟರಿನ ಕೀಲಿಗೆ ಅಥವಾ ಕಾರ್ಡಿಗೆ ಅಷ್ಟು ಮೊತ್ತವನ್ನು ತುಂಬಿಸಿಕೊಂಡು ಹೋಗುತ್ತಾರೆ. ಮನೆಗೆ ಹೋಗಿ ಅದನ್ನು ಮೀಟರಿಗೆ ಹಾಕಿದರೆ ಅಷ್ಟರ ಮಟ್ಟಿಗೆ ವಿದ್ಯುತ್ತು ಹರಿಯುತ್ತದೆ. ಇಲ್ಲಿ ಸಾಲವೆಂಬುದಿಲ್ಲ, ಉರಿಸುವುದಕ್ಕೆ ಮುಂಚೆಯೇ ಕೊಟ್ಟಾಗಿದೆ. ಹಣವು ಸಂದಿತೋ ಇಲ್ಲವೋ ಎಂಬ ಪ್ರಶ್ನೆಗೆ ಮನೆಯ ದೀಪವೇ ರಸೀದಿ. ಆದರೆ ಮುಂಗಡವು ಮುಗಿದಮೇಲೆ ತಿಳಿವಳಿಕೆಯ ಪತ್ರಕ್ಕೂ ಗಡುವಿಗೂ ಕಾಯದೆ ದೀಪವು ಆರಬಹುದಾದುದರಿಂದ, ಈ ಪದ್ಧತಿಯಲ್ಲಿ ಬಡವನಿಗೆ ಸಾಲದ ಅವಧಿಯೆಂಬ ನೆರಳು ಬಹಳ ಚಿಕ್ಕದಾಗುತ್ತದೆ.

ನಮ್ಮ ಪದ್ಧತಿಯು ಇವೆರಡರ ನಡುವೆ ಇದೆ. ಸಾಲವು ಜಪಾನಿನಲ್ಲಿರುವಂತೆ ಉಂಟು. ಆದರೆ ಅಂಗಡಿಯ ಮುದ್ರೆಗೆ ಕಚೇರಿಯ ಮುದ್ರೆಯ ಗೌರವವು ಜನರ ಮನಸ್ಸಿನಲ್ಲಿ ಇನ್ನೂ ಪೂರ್ಣವಾಗಿ ಬಂದಿಲ್ಲ. ಅದು ಬರುವುದು ರಸೀದಿಯ ಮೂಲಕವೇ.

೬. ರಸೀದಿಯ ಮಹತ್ತ್ವ

೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೫೬ನೆಯ ಪ್ರಕರಣದಂತೆ, ಹಣವನ್ನು ಕೊಡದ ಬಳಕೆದಾರನಿಗೆ ಕಡಿಮೆಯೆಂದರೆ ಪೂರ್ಣ ಹದಿನೈದು ದಿನಗಳ ಲಿಖಿತ ತಿಳಿವಳಿಕೆಯನ್ನು ಕೊಟ್ಟಮೇಲೆ ಸಂಪರ್ಕವನ್ನು ಕಡಿಯಬಹುದು. ಅಂಗಡಿಯಲ್ಲಿ ಕಟ್ಟಿ, ಕಂಪನಿಯ ಕಡತದಲ್ಲಿ ಸೇರದ ಹಣದ ವಿಷಯವು ಹೊರಬೀಳುವುದು ಬಹುಶಃ ಮುಂದಿನ ಬಿಲ್ಲಿನಲ್ಲಿ ‘ಹಿಂದಿನ ಬಾಕಿ’ ಎಂಬ ಅಂಕಣವನ್ನು ನೋಡಿದಾಗ, ಇಲ್ಲವೇ ಈ ತಿಳಿವಳಿಕೆಯು ಬಂದಾಗ. ಆಗ ಬಳಕೆದಾರನ ಕೈಯಲ್ಲಿರಬೇಕಾದುದು ರಸೀದಿ. ಅದಿದ್ದರೆ ಉಪವಿಭಾಗದ ಕಚೇರಿಯಲ್ಲಿ ಮಾತನಾಡಬಹುದು. ಅಲ್ಲಿ ಪರಿಹಾರ ದೊರೆಯದಿದ್ದರೆ, ಅದೇ ಅಧಿನಿಯಮದ ೪೨ನೆಯ ಪ್ರಕರಣದಂತೆ ಏರ್ಪಟ್ಟಿರುವ ಬಳಕೆದಾರರ ಕುಂದುಕೊರತೆಗಳ ವೇದಿಕೆಗೂ, ಅದರ ಮೇಲೆ ಓಂಬುಡ್ಸ್‌ಮನ್ ಅವರಲ್ಲಿಗೂ ಹೋಗಬಹುದು. ರಸೀದಿಯಿಲ್ಲದಿದ್ದರೆ ಎಲ್ಲಿ ಹೋದರೂ ‘ಕಟ್ಟಿದೆನು’ ಎಂಬ ಬಾಯಿಮಾತೊಂದೇ.

ಈಗ ಫೋನಿಗೆ ಸಂದೇಶವು ಬರುವುದರಿಂದ ಕಾಗದದ ಚೀಟಿಯು ಅನಾವಶ್ಯಕವೆಂದು ಕೆಲವರು ಹೇಳುತ್ತಾರೆ. ಸ್ವಂತ ಮನೆಯೂ ಸ್ವಂತ ಫೋನೂ ಇರುವವರ ಮಟ್ಟಿಗೆ ಇದು ನಿಜವಾಗಬಹುದು. ಬಾಡಿಗೆಯ ಮನೆಯಲ್ಲಿರುವವನ ಸ್ಥಿತಿಯು ಬೇರೆ. ವಿದ್ಯುತ್ತಿನ ಖಾತೆಯು ಮನೆಯ ಯಜಮಾನನ ಹೆಸರಿನಲ್ಲಿರುತ್ತದೆ. ಕಂಪನಿಯಲ್ಲಿ ನೋಂದಾಯಿಸಿದ ಫೋನಿನ ಸಂಖ್ಯೆಯೂ ಬಹುಮಟ್ಟಿಗೆ ಅವನದೇ. ಹಣವನ್ನು ಕಟ್ಟಿದವನು ಬಾಡಿಗೆದಾರ. ಕಂಪನಿಯ ಸಂದೇಶವು ಹೋಗುವುದು ಯಜಮಾನನಿಗೆ. ದೀಪವು ಆರಿದರೆ ಕತ್ತಲಲ್ಲಿ ಕೂರುವವನು ಬಾಡಿಗೆದಾರ. ಮನೆಯನ್ನು ಬಿಡುವ ಕಾಲದಲ್ಲಿ ಮುಂಗಡದ ಹಣದಿಂದ ಬಾಕಿಯನ್ನು ಮುರಿದುಕೊಳ್ಳುವ ಮಾತು ಬಂದಾಗ ಅವನಿಗೆ ಆಧಾರವಾಗತಕ್ಕದ್ದು ಅಂಗಡಿಯ ಚೀಟಿಯೇ. ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳ ಬಿಲ್ಲುಗಳು ಸೊನ್ನೆಗೆ ಇಳಿದವು. ಆದರೂ ನಿಗದಿಯಾದ ಪ್ರಮಾಣವನ್ನು ಮೀರಿ ಬಳಸಿದವರಿಗೆ ಹಣ ಕಟ್ಟುವ ಕೆಲಸವು ತಪ್ಪಲಿಲ್ಲ. ನೀರಿನ ಬಿಲ್ಲಿಗೂ ಅನಿಲದ ಬಿಲ್ಲಿಗೂ ಇದೇ ವಿಚಾರವು ಅನ್ವಯಿಸುತ್ತದೆ.

ಆದಕಾರಣ ರಸೀದಿಯಲ್ಲಿ ನೋಡಿಕೊಳ್ಳತಕ್ಕ ಅಂಶಗಳನ್ನು ಇಲ್ಲಿ ಒಟ್ಟಿಗೆ ಹೇಳುವುದು ಅನುಚಿತವಾಗದು. ಮೊದಲನೆಯದು, ಖಾತೆಯ ಸಂಖ್ಯೆಯು ಬಿಲ್ಲಿನಲ್ಲಿರುವುದರೊಡನೆ ಅಂಕಿ ಅಂಕಿಯಾಗಿ ಹೊಂದಬೇಕು. ಒಂದು ಅಂಕಿ ತಪ್ಪಿದರೆ ಹಣವು ಯಾರದೋ ಮನೆಯ ದೀಪಕ್ಕೆ ಎಣ್ಣೆಯಾಗುತ್ತದೆ. ಎರಡನೆಯದು, ಖಾತೆದಾರನ ಹೆಸರು; ಸಂಖ್ಯೆಯ ತಪ್ಪನ್ನು ಹಿಡಿದುಕೊಡುವುದು ಇದೇ. ಮೂರನೆಯದು, ಮೊತ್ತ ಮತ್ತು ದಿನಾಂಕ. ನಾಲ್ಕನೆಯದು, ವ್ಯವಹಾರದ ಗುರುತಿನ ಸಂಖ್ಯೆ. ಇದಿಲ್ಲದ ಚೀಟಿಯು ಅಂಗಡಿಯವನ ಕೈಬರಹವಷ್ಟೇ, ವ್ಯವಸ್ಥೆಯ ರಸೀದಿಯಲ್ಲ. ಐದನೆಯದು, ವ್ಯವಸ್ಥೆಯ ಹೆಸರು ಅಥವಾ ಲಾಂಛನ. ಹೆಚ್ಚಿನ ಹಣವನ್ನೇನಾದರೂ ಕೇಳಿದ್ದರೆ ಅದನ್ನೂ ಚೀಟಿಯಲ್ಲಿ ಬೇರೆಯಾಗಿ ನಮೂದಿಸಿರಬೇಕು. ಕಾಯಿಸಿದ ಕಾಗದದ ಮೇಲಿನ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ, ಗುರುತಿನ ಸಂಖ್ಯೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಶಾಯಿಯಿಂದ ಬರೆದಿಟ್ಟುಕೊಳ್ಳುವುದು ಲೇಸು.

ಇಷ್ಟೆಲ್ಲವನ್ನೂ ನೋಡಿಕೊಳ್ಳಬೇಕಾದರೆ ರಸೀದಿಯು ಓದುವವನ ಭಾಷೆಯಲ್ಲಿರಬೇಕು. ಅಂಗಡಿಗೆ ಹೋಗಿ ರೊಕ್ಕವನ್ನು ಕೊಟ್ಟು ಬಿಲ್ಲು ಕಟ್ಟುವವರಲ್ಲಿ ವೃದ್ಧರೂ, ಕೂಲಿಕಾರರೂ, ಇಂಗ್ಲಿಷನ್ನು ಅರಿಯದ ಗೃಹಿಣಿಯರೂ ಇರುತ್ತಾರೆ. ಅನೇಕರಿಗೆ ಅಂಗಡಿಯವನೇ ಬಿಲ್ಲನ್ನು ಓದಿ ಹೇಳುವ ಗುರು. ತನಗೆ ಹಣವನ್ನು ಪಡೆದವನೇ ತಾನು ಪಡೆದುದಕ್ಕೆ ಸಾಕ್ಷಿಯನ್ನು ಓದಿ ಹೇಳಬೇಕಾದರೆ ಆ ಸಾಕ್ಷಿಯ ಅರ್ಧ ಬಲವು ಕುಂದಿದಂತೆಯೇ. ಇಂಗ್ಲಿಷಿನ ಸಂಕ್ಷೇಪಾಕ್ಷರಗಳಿಂದ ತುಂಬಿದ ಚೀಟಿಯು ಕನ್ನಡವೊಂದನ್ನೇ ಓದಬಲ್ಲವಳಿಗೆ ಕಾಗದದ ಚೂರೇ ಹೊರತು ರಸೀದಿಯಲ್ಲ. ‘ಖಾತೆಯ ಸಂಖ್ಯೆ’, ‘ಸಂದ ಹಣ’, ‘ದಿನಾಂಕ’, ‘ಗುರುತಿನ ಸಂಖ್ಯೆ’ ಎಂಬ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಮುದ್ರಿಸುವುದು ಯಾವ ಯಂತ್ರಕ್ಕೂ ಭಾರವಾಗಲಾರದು. ಅವುಗಳಲ್ಲಿಯೂ ‘ಪೇಮೆಂಟ್ ಸಕ್ಸಸ್‌ಫುಲ್’ ಎಂಬುದರ ಬದಲಾಗಿ ‘ಹಣ ಸಂದಿದೆ’ ಎಂದು ಬರೆದರೆ, ಮೇಲೆ ಹೇಳಿದ ಧಾತುವಿನ ಪೂರ್ಣಾರ್ಥವೇ ಆ ಚೀಟಿಗೆ ಬರುವುದು.

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಷಯದಲ್ಲಿ ಮಾಡತಕ್ಕ ಕೆಲಸವೇನಾದರೂ ಇದೆಯೇ ಎಂದರೆ, ಇದೆ. ಪತ್ರಲೇಖನವನ್ನೂ ಅರ್ಜಿಯನ್ನೂ ತರಗತಿಯಲ್ಲಿ ಕಲಿಸುವಂತೆ, ರಸೀದಿಯೊಂದನ್ನು ಓದಿ ಅದರಲ್ಲಿ ಯಾರು ಯಾರಿಗೆ ಯಾರ ಪರವಾಗಿ ಏನನ್ನು ಒಪ್ಪಿಕೊಂಡಿದ್ದಾರೆಂಬುದನ್ನು ಹೇಳಿಸುವುದೂ ಭಾಷಾಬೋಧನೆಯೇ. ಕರ್ತೃ ಕರ್ಮ ಸಂಪ್ರದಾನಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯು ದೊರಕುವುದು ಕಷ್ಟ. ಇದನ್ನು ಕಲಿತ ಹುಡುಗನು ತನ್ನ ಅಜ್ಜಿಯ ಬಿಲ್ಲನ್ನು ಕಟ್ಟಿ ಬರುವಾಗ ಚೀಟಿಯನ್ನು ಕೇಳಿ ಪಡೆದು, ಅಂಗಡಿಯ ಕಟ್ಟೆಯನ್ನು ಬಿಡುವುದಕ್ಕೆ ಮುಂಚೆಯೇ ಅದನ್ನು ಓದಿ ನೋಡುವನು.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ಅಂಗಡಿಯ ಪಾವತಿಯು ಕಚೇರಿಯ ಕಿಟಕಿಯ ಮುಂದಿನ ಸಾಲನ್ನು ಕರಗಿಸಿತು. ಅದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಕಿಟಕಿಯಲ್ಲಿ ಒಂದಾಗಿದ್ದ ಎರಡು ಕ್ರಿಯೆಗಳನ್ನು, ಕಟ್ಟುವುದನ್ನೂ ಸಲ್ಲುವುದನ್ನೂ, ಅದು ಬೇರ್ಪಡಿಸಿತು. ಅವೆರಡನ್ನು ಮತ್ತೆ ಜೋಡಿಸತಕ್ಕದ್ದು ರಸೀದಿ. ‘ತಲುಪಿತು’ ಎಂಬ ಹೆಸರನ್ನು ಹೊತ್ತ ಆ ಕಾಗದವು ಕೈಗೆ ಬರುವವರೆಗೆ ಹಣವನ್ನು ಕೊಟ್ಟಂತಾಗಲಿಲ್ಲವೆಂದು ತಿಳಿಯುವುದೇ ವಿವೇಕ.